ಒದ್ದೆ ರಟ್ಟು

ಐವತ್ತಕ್ಕೆ ಇಪ್ಪತ್ತೆರಡು.
ಲಕೋಟೆ ಹರಿದು ಓದಿದ್ದು ಗ್ಯಾರೇಜಿನಲ್ಲಿ, ನಿಂತೇ,
ಕೋಟು ಕೂಡ ಬಿಚ್ಚದೆ.
ಬಣ್ಣ: ತಿಕ್ಕಿಟ್ಟ ಹಳೇ ತಾಮ್ರ. ಚೆನ್ನ.
ನೊರೆ: ನಿಲ್ಲುತ್ತದೆ.
ರುಚಿ ಎಂಬ ಕಡೆ ಪೆನ್ಸಿಲ್ಲು ಒಂದು ಗಳಿಗೆ ತಡೆದು,
ಒಂದು ಪದ ಅಳಿಸಿ, ಬೇರೆ ಬರೆದಿತ್ತು:
ಒದ್ದೆ ರಟ್ಟು.
ಕೆಳಗೆ ಸಹಿ: ಹೆಡಾ ಪಿಯರ್ಸಾಲ್, ಲಾನ್ಸೆಸ್ಟನ್.

ಒದ್ದೆ ರಟ್ಟಂತೆ!
ಟಾಸ್ಮೇನಿಯಾದ ಈ ಉತ್ತರ ದಡದಲ್ಲಿ, ಕಾಗದದ ಗಿರಣಿಯಲ್ಲಿ
ಇಪ್ಪತ್ತೊಂಬತ್ತು ವರ್ಷ
ಮೂರನೇ ಯಂತ್ರದ ಒದ್ದೆ ತುದಿಗೆ ನಿಂತವನು ನಾನು.
ಮರದ ಗಂಜಿ ಹಾಳೆಯಾಗುವುದನ್ನು
ಪಾಳಿ ಮೇಲೆ ಪಾಳಿ ಕಂಡವನು.
ರಟ್ಟು ಯಾವುದು, ಬಿಯರ್ ಯಾವುದು
ಈ ಹೆಂಗಸು ನನಗೆ ಹೇಳಿಕೊಡಬೇಕೆ?

ಇನ್ನೊಂದು ಬಾಟಲಿ ತೆರೆದೆ. ಮೂಸಿದೆ.
ಮಾಲ್ಟ್ ಇತ್ತು. ಕಿತ್ತಳೆ ಸಿಪ್ಪೆಯಂಥ ಹಾಪ್ಸ್ ಇತ್ತು.
ರಟ್ಟು ಇರಲಿಲ್ಲ, ದೇವರಾಣೆಗೂ.
ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪಿದೆ;
ಆದರೆ ಇದು ಹೆಗ್ಗಣವೇ ಅಲ್ಲವಲ್ಲ ಎಂದು
ನಾಯಿಯ ಹತ್ತಿರ ವಾದಿಸಿದೆ.
ನಾಯಿ ಎದ್ದು ಹೋಯಿತು.

ಒಗೆದ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟು ಬಂದ ವಿಲ್ಮಾ
ಕೈಯಿಂದ ಗ್ಲಾಸು ತೆಗೆದುಕೊಂಡಳು.
ಒಂದು ಗುಟುಕು. ಸುಮ್ಮನಿದ್ದಳು.
ಮತ್ತೊಂದು.
"ರಾತ್ರಿ ಪಾಳಿ ಮುಗಿಸಿ ಬಂದಾಗ
ನಿನ್ನ ಅಂಗಿ ಹೀಗೇ ಇರುತ್ತಿತ್ತು ಮರ್ವ್.
ಕತ್ತಲಲ್ಲೂ ಗೊತ್ತಾಗುತ್ತಿತ್ತು, ಬಂದೆ ಅಂತ."

ಗಿರಣಿ ಮುಚ್ಚಿ ಹದಿಮೂರು ವರ್ಷ.
ಚಿಮಣಿ ಕೆಡವಿದ ದಿನ ಊರೆಲ್ಲ ಕುರ್ಚಿ ತಂದು ಕೂತು ನೋಡಿತ್ತು.
ನಮಗೆಲ್ಲ ಒಂದೊಂದು ನೋಟೀಸು ಬಂತು;
ನನ್ನ ಮೂಗಿಗೆ ಮಾತ್ರ ಯಾರೂ ಕೊಟ್ಟಿರಲಿಲ್ಲ.
ಅದಿನ್ನೂ ಕೆಲಸಕ್ಕೆ ಹೋಗುತ್ತಲೇ ಇತ್ತು,
ಸುತ್ತಲಿನ ಒದ್ದೆ ರಟ್ಟನ್ನು
ಬರೀ ಗಾಳಿ ಎಂದುಕೊಂಡು.

ಆಮೇಲೆ ಹಾಳೆ ತಿರುಗಿಸಿದೆ.
ಹಿಂಬದಿಯಲ್ಲೂ ಬರೆದಿದ್ದಳು, ಇರುವೆ ಸಾಲಿನಂಥ ಅಕ್ಷರ:
ಬಾಟಲಿ ತುಂಬುವಾಗ ಗಾಳಿ ಸೇರುತ್ತಿದೆಯೇ?
ಕೊಳವೆ ತಳ ಮುಟ್ಟಲಿ. ಮೇಲಿಂದ ಸುರಿಯಬೇಡಿ.
ಇದರೊಳಗೊಂದು ಒಳ್ಳೆಯ ಬಿಯರ್ ಇತ್ತು,
ನಾನು ತಲುಪುವ ಹೊತ್ತಿಗೆ ಹೊರಟಿತ್ತು.

ಸುರಿಯುತ್ತಿದ್ದೆ, ನಿಜ.
ಭುಜದೆತ್ತರಕ್ಕೆ ಎತ್ತಿ, ಸದ್ದಾಗುವ ಹಾಗೆ.
ಆ ಸದ್ದು ನನಗಿಷ್ಟ.
ಯಾರಾದರೂ ನೋಡುತ್ತಿದ್ದರೆ ಇನ್ನೂ ಒಂದು ಗೇಣು ಮೇಲೆ.
ಇದನ್ನೆಲ್ಲ ಕಾಣದೆ, ಎರಡು ಗಂಟೆ ದಾರಿಯಾಚೆ ಕೂತು
ಒಂದು ಗುಟುಕಿನಲ್ಲೇ ಹಿಡಿದಳಲ್ಲ ಪಿಯರ್ಸಾಲ್.
ಬಯ್ಯೋಣವೆಂದರೆ ಬಾಯಲ್ಲಿ ಬೈಗುಳವಿಲ್ಲ.

ಸೆಪ್ಟೆಂಬರಿನಲ್ಲಿ, ವಾಟಲ್ ಹಳದಿಯಾಗಿದ್ದಾಗ, ಮತ್ತೆ ಕುದಿಸಿದೆ.
ತುಂಬುವ ದಿನ ರೇಡಿಯೊ ಆರಿಸಿದೆ.
ಕೊಳವೆ ತಳಕ್ಕೆ ಇಳಿಸಿ,
ಮಲಗಿದ ಮಗುವಿಗೆ ಹೊದಿಸುವವನಂತೆ ಬಿಟ್ಟೆ.
ಸದ್ದಿಲ್ಲ. ಕತ್ತಿನವರೆಗೆ ಬಂತು. ಮುಚ್ಚಿದೆ.
ಪ್ರತಿ ವಾರ ಒಂದೊಂದು ತೆರೆದು ವಿಲ್ಮಾಳ ಮುಂದಿಟ್ಟೆ:
"ನಿನ್ನ ಮೂಗು ಸಾಲ ಕೊಡು."
ಐದನೇ ವಾರವೂ ಅವಳು ತಲೆಯಾಡಿಸಿದಳು. ಇಲ್ಲ.

ಮೂವತ್ತಮೂರು.
ಅದೇ ಇರುವೆ ಸಾಲು: ರಟ್ಟು ಹೋಯಿತು. ಶಭಾಷ್.
ಈಗ ಕಹಿ ಒಂದು ಹೆಜ್ಜೆ ಮುಂದೆ ಓಡುತ್ತಿದೆ,
ಮಾಲ್ಟ್ ಹಿಂದೆ ಏದುಸಿರು ಬಿಡುತ್ತಿದೆ.
ಓದಿ ನಕ್ಕೆ. ಈ ಸಲ ಕೂತಿದ್ದೆ.
ಇದಂತೂ ನನಗೂ ಗೊತ್ತಾಗಿತ್ತು,
ಕಳಿಸುವಾಗ ಗೊತ್ತಿಲ್ಲದವನ ಹಾಗೆ ಇದ್ದೆ.

ಆ ಹಳೇ ಇಪ್ಪತ್ತೆರಡರ ಬಾಟಲಿಗಳನ್ನು
ಒಂದೊಂದಾಗಿ ಬಚ್ಚಲಿಗೆ ಚೆಲ್ಲುತ್ತಿದ್ದೆ ಮೊನ್ನೆ.
ಕೊನೆಯದಕ್ಕೆ ಕೈ ಹಾಕಿದಾಗ
ವಿಲ್ಮಾ ಒಳಗಿನಿಂದ ಅಂದಳು,
ಇಸ್ತ್ರಿಯಿಂದ ತಲೆ ಎತ್ತದೆ:
"ಅದೊಂದು ಇರಲಿ."